ಪಂಚಾಯತ್ ತನಕ ಫೈಬರ್ ಬಂದಿದೆಯಂತೆ, ಮನೆಗೆ ಯಾಕೆ ಬರುವುದಿಲ್ಲ?

ಹೆಬ್ರಿ_ಮಳೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹೆಬ್ರಿ ತಾಲೂಕಿನಲ್ಲಿ ಘಟ್ಟದ ಬುಡದ ಒಂದು ಊರು. ನಾನು ಮಂಗಳೂರಿನ ಒಂದು ಆಫೀಸಿಗೆ ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಮಾಡುತ್ತೇನೆ ಅಂತ ಹೇಳುವುದು ಅಷ್ಟೇ, ಕರೆಂಟ್ ಇರಬೇಕು, ಮೊಬೈಲ್ ಸಿಗ್ನಲ್ ಸಿಗಬೇಕು, ಎರಡೂ ಒಟ್ಟಿಗೆ ಇದ್ದ ಹೊತ್ತಿಗೆ ಕೆಲಸ. ಜಿಎಸ್‌ಟಿ ರಿಟರ್ನ್ ಹಾಕುವ 20ನೇ ತಾರೀಕಿಗೆ ಸರಿಯಾಗಿ ಮಳೆ ಹಿಡಿದರೆ ಮಂಡೆ ಬಿಸಿ ಹೇಳಿ ಪ್ರಯೋಜನ ಇಲ್ಲ.

ಮೊನ್ನೆ ಗ್ರಾಮಸಭೆಯಲ್ಲಿ ಇದನ್ನೇ ಕೇಳಿದೆ. "ನಮ್ಮ ಗ್ರಾಮಕ್ಕೆ ಭಾರತ್‌ನೆಟ್ ಫೈಬರ್ ಬಂದು ವರ್ಷಗಳೇ ಆಯ್ತಲ್ಲ" ಅಂತ ಉತ್ತರ ಬಂತು. ಭಾರತ್‌ನೆಟ್ ಅಂದರೆ ಪಂಚಾಯತ್‌ಗಳಿಗೆ ಇಂಟರ್‌ನೆಟ್ ಕೇಬಲ್ ತರುವ ಕೇಂದ್ರದ ಯೋಜನೆ. ಬಂದದ್ದು ಹೌದು. ಪಂಚಾಯತ್ ಆಫೀಸಿನ ಗೋಡೆಯಲ್ಲಿ ಪೆಟ್ಟಿಗೆ ಉಂಟು. ಅದರ ಲೈಟ್ ಕೆಲವೊಮ್ಮೆ ಹಸಿರು, ಜಾಸ್ತಿ ಕೆಂಪು. ನಮ್ಮ ಮನೆ ಅಲ್ಲಿಂದ ಎರಡೂವರೆ ಕಿಲೋಮೀಟರ್, ನಡುವೆ ಒಂದು ಗುಡ್ಡೆ, ಒಂದು ತೋಡು. ಒಂದು ಖಾಸಗಿ ಕಂಪನಿಯವರಿಗೆ ಫೋನ್ ಮಾಡಿದರೆ "ನಿಮ್ಮ ಕಡೆ ಹತ್ತು ಮನೆ ಒಟ್ಟಿಗೆ ಸೇರಿದರೆ ನೋಡುವ, ಕಂಬದ ಖರ್ಚು ನಿಮ್ಮದು" ಅಂದರು. ಹತ್ತು ಮನೆ ಎಲ್ಲಿಂದ ತರುವುದು ಮಾರಾಯ್ರೆ? ನಮ್ಮ ಬೈಲಿನಲ್ಲಿ ಇರುವುದೇ ಐದು ಮನೆ, ಅದರಲ್ಲಿ ಎರಡಕ್ಕೆ ಬೀಗ.

ಪೇಪರಿನಲ್ಲಿ ನೋಡಿದರೆ ಗ್ರಾಮೀಣ ಇಂಟರ್‌ನೆಟ್‌ಗೆ ಕೇಂದ್ರದಿಂದ 1 ಲಕ್ಷ 39 ಸಾವಿರ ಕೋಟಿ ಅಂತ ಉಂಟು. ಇಷ್ಟು ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಅದರಲ್ಲಿ ಮನೆ ತನಕ ತರಲಿಕ್ಕೆ ಏನಾದರೂ ಇಟ್ಟಿದ್ದಾರಾ, ಇದ್ದರೆ ಯಾರ ಹತ್ತಿರ ಕೇಳಬೇಕು? ಗೊತ್ತಿದ್ದವರು ಹೇಳಿ. "ಮಂಗಳೂರಿಗೆ ಬಂದು ರೂಮ್ ಮಾಡಿ" ಅಂತ ಮಾತ್ರ ಹೇಳಬೇಡಿ, ಮನೆಯಲ್ಲಿ ಅಮ್ಮ ಒಬ್ಬರೇ.

ಹಳೇ_ಎಕ್ಸ್‌ಚೇಂಜ್

ತಂಗಿ, ನಾನು ಟೆಲಿಫೋನ್ ಇಲಾಖೆಯಲ್ಲಿ ಇದ್ದು ನಿವೃತ್ತಿಯಾದವ. ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಮೊದಲು ದುಡ್ಡು ಎಲ್ಲಿಂದ ಅಂತ. ನಿಮ್ಮದೇ ರೀಚಾರ್ಜಿನಿಂದ. ಟೆಲಿಕಾಂ ಕಂಪನಿಗಳು ತಮ್ಮ ಆದಾಯದ ಮೇಲೆ ಸರಕಾರಕ್ಕೆ 8% ಲೈಸೆನ್ಸ್ ಫೀ ಕಟ್ಟುತ್ತವೆ. ಆ ಎಂಟರಲ್ಲಿ ಐದು ಪಾಲು, ಅಂದರೆ ಆದಾಯದ 5%, ಹಳ್ಳಿಗಳಿಗೆ ಅಂತಲೇ ಎತ್ತಿ ಇಡುವುದು. 2002ರಿಂದ ಇದೆ. ಹಿಂದೆ ಇದಕ್ಕೆ ಯುಎಸ್‌ಒ ಫಂಡ್ ಅಂತ ಹೆಸರಿತ್ತು, 2023ರ ಹೊಸ ಟೆಲಿಕಾಂ ಕಾಯ್ದೆಯಲ್ಲಿ ಡಿಜಿಟಲ್ ಭಾರತ್ ನಿಧಿ ಅಂತ ಆಯಿತು. ನೀವು 299 ರೂಪಾಯಿ ರೀಚಾರ್ಜ್ ಮಾಡಿದರೆ ಜಿಎಸ್‌ಟಿ ಕಳೆದು ಉಳಿಯುವುದು 253. ಅದರಲ್ಲಿ ಹೆಚ್ಚು ಕಡಿಮೆ 12 ರೂಪಾಯಿ ಈ ಲೆಕ್ಕಕ್ಕೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಹಾಗಾಗಿ ಗ್ರಾಮಸಭೆಯಲ್ಲಿ ಕೇಳುವಾಗ ಧರ್ಮಕ್ಕೆ ಕೇಳಿದ ಹಾಗೆ ಕೇಳಬೇಡಿ. ಆ 12 ರೂಪಾಯಿ ನಿಮ್ಮ ಅಮ್ಮನ ಮೊಬೈಲಿನಿಂದಲೂ ಹೋಗಿದೆ.

ಆದರೆ ಈ ದುಡ್ಡು ನೇರ ಫೈಬರ್ ಎಳೆಯಲಿಕ್ಕೆ ಹೋಗುವುದಿಲ್ಲ. ಮೊದಲು ಕೇಂದ್ರದ ಖಜಾನೆಗೆ ಬೀಳುತ್ತದೆ, ಆಮೇಲೆ ಸಂಸತ್ತು ಮಂಜೂರು ಮಾಡಿದಷ್ಟು ಈ ನಿಧಿಗೆ ಬರುತ್ತದೆ. ಹೀಗೆ ಸಂಗ್ರಹ ಆದದ್ದು ಒಂದು, ಖರ್ಚು ಆದದ್ದು ಇನ್ನೊಂದು ಆಗಿ ಸಾವಿರಾರು ಕೋಟಿ ವರ್ಷಗಟ್ಟಲೆ ಬಳಕೆಯಾಗದೆ ಉಳಿದಿತ್ತು. ಅದು ಯಾವುದೇ ಒಂದು ಪಕ್ಷದ ಸರಕಾರದ ಕತೆ ಅಲ್ಲ, ಎಲ್ಲರದ್ದೂ.

ಇನ್ನು ಎಲ್ಲಿಗೆ ಹೋಯಿತು ಅಂತ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಎರಡೂವರೆ ಲಕ್ಷ ಪಂಚಾಯತಿಗೆ ಫೈಬರ್ ಕೊಡುವ ಯೋಜನೆ ಒಪ್ಪಿತು, ಅಂದಾಜು 20,000 ಕೋಟಿ. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಅಂತ ಹೊಸ ಹೆಸರು. ಮೊದಲ ಹಂತದ 1 ಲಕ್ಷ ಪಂಚಾಯತ್ ಮುಗಿಯುವಾಗ 2017ರ ಡಿಸೆಂಬರ್. ನಮ್ಮ ಕರಾವಳಿಯ ಪಂಚಾಯತ್‌ಗಳಿಗೆ ಬಂದದ್ದು ಜಾಸ್ತಿಯೂ ಆ ಹಂತದಲ್ಲೇ. ಅಂದರೆ ಮೊದಲು ಸಿಕ್ಕಿದವರು ನಾವು. ಅದೇ ತೊಂದರೆ ಆಯಿತು ಈಗ, ಯಾಕೆಂದರೆ ನಮ್ಮದು ಹಳೇ ಡಿಸೈನ್. ತಾಲೂಕು ಕೇಂದ್ರದಿಂದ ಒಂದೇ ಗೆರೆಯಲ್ಲಿ ಕೇಬಲ್ ಹೊರಟು ಒಂದೊಂದೇ ಪಂಚಾಯತ್ ಮುಟ್ಟುತ್ತಾ ಹೋಗುತ್ತದೆ. ದಾರಿಯಲ್ಲಿ ಜೆಸಿಬಿ ಒಮ್ಮೆ ಬಾಯಿ ಹಾಕಿದರೆ ಅದರಾಚೆ ಇರುವ ಎಲ್ಲ ಪೆಟ್ಟಿಗೆಯೂ ಕೆಂಪು. ರಸ್ತೆ ಅಗಲ ಮಾಡದ ವರ್ಷ ನಮ್ಮಲ್ಲಿ ಯಾವುದು ಹೇಳಿ?

2023ರ ಆಗಸ್ಟಿನಲ್ಲಿ ಒಪ್ಪಿದ್ದೇ ನೀವು ಹೇಳಿದ 1,39,579 ಕೋಟಿ. ಅದರಲ್ಲಿ ಗೆರೆ ಬಿಟ್ಟು ರಿಂಗ್ ಮಾಡುತ್ತಾರೆ. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಹತ್ತು ವರ್ಷದ ನಿರ್ವಹಣೆಯೂ ಅದೇ ದುಡ್ಡಿನಲ್ಲಿ ಸೇರಿದೆ. ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಬುದ್ಧಿವಂತಿಕೆಯ ಮಾತು ಇದೊಂದೇ. ಮೊದಲ ಹಂತದಲ್ಲಿ ಎಳೆಯಲಿಕ್ಕೆ ದುಡ್ಡು ಇತ್ತು, ನೋಡಿಕೊಳ್ಳಲಿಕ್ಕೆ ಇರಲಿಲ್ಲ. ಉದ್ಘಾಟನೆಗೆ ಫೋಟೋ ಬರುತ್ತದೆ, ಮಳೆಗಾಲದಲ್ಲಿ ಚರಂಡಿಗೆ ಇಳಿದು ಜಾಯಿಂಟ್ ಮಾಡುವವನ ಫೋಟೋ ಯಾರು ಹಾಕುತ್ತಾರೆ.

ಹೆಬ್ರಿ_ಮಳೆ

ಅಂಕಲ್, ತುಂಬಾ ಥ್ಯಾಂಕ್ಸ್. ಆದರೆ ಇದು ಪಂಚಾಯತ್ ತನಕದ ಕತೆ ಆಯ್ತಲ್ಲ. ರಿಂಗ್ ಆದರೆ ಪೆಟ್ಟಿಗೆ ಹಸಿರು ಆಗಬಹುದು. ಮನೆಗೆ?

ಪುತ್ತೂರು_ಕೇಬಲ್

ಅಕ್ಕ, ಮನೆಯದ್ದು ನಾನು ಹೇಳುತ್ತೇನೆ. ನಾನು ಟಿವಿ ಕೇಬಲ್‌ನಿಂದ ಶುರು ಮಾಡಿ ಈಗ ಇಂಟರ್‌ನೆಟ್ ಕೊಡುವವ.

ಎಲ್ಲರೂ ಕೇಬಲ್ ದುಬಾರಿ ಅಂದುಕೊಳ್ಳುತ್ತಾರೆ. ಅಲ್ಲ. ಮನೆಗೆ ಎಳೆಯುವ ಸಪೂರ ಡ್ರಾಪ್ ಕೇಬಲ್ ಈಗ ಅಗ್ಗ. ಸಿಗ್ನಲ್ ದೂರದ ತೊಂದರೆಯೂ ಇಲ್ಲ, ಓಎಲ್‌ಟಿ ಅಂದರೆ ಫೈಬರ್ ಸಿಗ್ನಲ್ ಹೊರಡುವ ಪೆಟ್ಟಿಗೆ, ಅದರಿಂದ 20 ಕಿಲೋಮೀಟರ್ ತನಕ ನಡೆಯುತ್ತದೆ, ನಿಮ್ಮ ಎರಡೂವರೆ ಕಿಲೋಮೀಟರ್ ಅದಕ್ಕೆ ಲೆಕ್ಕವೇ ಅಲ್ಲ. ದುಡ್ಡು ಹೋಗುವುದು ಕಂಬಕ್ಕೆ, ಕೂಲಿಗೆ, ಮತ್ತೆ ಮತ್ತೆ ಜಾಯಿಂಟ್ ಮಾಡುವುದಕ್ಕೆ. ಮಂಡ್ಯದ ಕಡೆ ಆಗಿದ್ದರೆ ಊರು ಅಂದರೆ ಮನೆಗಳೆಲ್ಲ ಒಂದೇ ಕಡೆ, ಲೈನ್ ಹಂಚುವ ಒಂದು ಸ್ಪ್ಲಿಟರ್ ಬಾಕ್ಸ್ ಇಟ್ಟರೆ ಸುತ್ತ ಮೂವತ್ತು ಮನೆ ಸಿಗುತ್ತದೆ. ನಮ್ಮ ದಕ್ಷಿಣ ಕನ್ನಡ, ಉಡುಪಿಯಲ್ಲಿ ಹಾಗಲ್ಲ ನೋಡಿ. ಅವರವರ ತೋಟದಲ್ಲಿ ಅವರವರ ಮನೆ. ಒಂದು ಮನೆಯ ನಾಯಿ ಕೂಗಿದರೆ ಇನ್ನೊಂದು ಮನೆಗೆ ಕೇಳುವುದಿಲ್ಲ. ದೆಹಲಿಯಲ್ಲಿ ಪ್ಲಾನ್ ಮಾಡುವವರು ಪಂಚಾಯತಿಗೆ ಇಷ್ಟು ಅಂತ ಲೆಕ್ಕ ಹಾಕುತ್ತಾರೆ, ಮನೆ ಮನೆಗೆ ನಡುವೆ ಎಷ್ಟು ದೂರ ಅಂತ ಹಾಕುವುದಿಲ್ಲ. ಇಡೀ ದೇಶಕ್ಕೆ ಒಂದೇ ರೇಟ್ ಮಾಡಿದರೆ ಘಟ್ಟದ ಬುಡದವರು ಯಾವತ್ತೂ ಕೊನೆಗೇ.

ಅಂಕಲ್ ಹೇಳಿದ ಹೊಸ ಯೋಜನೆಯಲ್ಲಿ ಮನೆಗೂ ಉಂಟು, ಇಲ್ಲ ಅಂತಲ್ಲ. ಐದು ವರ್ಷದಲ್ಲಿ ದೇಶದ ಹಳ್ಳಿಗಳಲ್ಲಿ 1.5 ಕೋಟಿ ಮನೆಗೆ ಫೈಬರ್ ಕೊಡುವುದು ಗುರಿ. ದೊಡ್ಡ ಸಂಖ್ಯೆ ಹಾಗೆ ಕಾಣುತ್ತದೆ ಅಲ್ವಾ? ಅದೇ ಯೋಜನೆಯಲ್ಲಿ ಪಂಚಾಯತ್ 2.64 ಲಕ್ಷ. ಭಾಗಿಸಿ ನೋಡಿ. ಒಂದು ಪಂಚಾಯತಿಗೆ ಸರಾಸರಿ 57 ಮನೆ. ನಿಮ್ಮ ಪಂಚಾಯತಿನಲ್ಲಿ ಎಷ್ಟು ಮನೆ ಇದೆ? ಆ 57 ಮನೆ ಯಾವುದು ಆಗುತ್ತದೆ ಅಂತ ನಾನು ಇಲ್ಲೇ ಕೂತು ಹೇಳುತ್ತೇನೆ: ಪೇಟೆ ಬದಿ, ಬಸ್ ಸ್ಟ್ಯಾಂಡ್ ಹತ್ತಿರ, ಸೊಸೈಟಿ ಹಿಂದೆ. ಅಲ್ಲಿಗೆ ಹೇಗೂ ನಾವು ಕೊಡುತ್ತಾ ಇದ್ದೇವೆ. ಸರಕಾರದ ದುಡ್ಡು ಬಂದು ನಮಗೇ ಕಾಂಪಿಟಿಷನ್, ನಿಮಗೆ ಮೊದಲಿನ ಹಾಗೆಯೇ ಗುಡ್ಡೆ.

ಮನೆಗೆ ಕೊಡುವ ಕೆಲಸ ಭಾರತ್‌ನೆಟ್ ಉದ್ಯಮಿ ಅಂತ ಊರಿನವರಿಗೇ ಕೊಡುತ್ತಾರೆ. ತಿಂಗಳ ಬಿಲ್ಲಿನಲ್ಲಿ ಅರ್ಧ ಬಿಎಸ್‌ಎನ್‌ಎಲ್‌ಗೆ, ಅರ್ಧ ಉದ್ಯಮಿಗೆ. ಪಾಲು ಮೋಸ ಅಂತ ನಾನು ಹೇಳುವುದಿಲ್ಲ. 399ರ ಪ್ಲಾನಿನಲ್ಲಿ ನಮಗೆ ಬರುವುದು 200ರ ಹತ್ತಿರ. ಪೇಟೆಯಲ್ಲಿ ಅದು ಲಾಭ. ನಿಮ್ಮ ಬೈಲಿಗೆ ಮಳೆಯಲ್ಲಿ ಒಮ್ಮೆ ಹುಡುಗನನ್ನು ಬೈಕಿನಲ್ಲಿ ಕಳಿಸಿದರೆ ಪೆಟ್ರೋಲು, ಅವನ ಅರ್ಧ ದಿನದ ಸಂಬಳ, ಆ 200 ಅಲ್ಲಿಗೇ ಮುಗಿಯಿತು. ಹಾಗಾಗಿ ಯಾರೂ ಬರುವುದಿಲ್ಲ, ಬಂದರೂ ಒಂದು ಮಳೆಗಾಲ ನೋಡಿ ಬಿಡುತ್ತಾರೆ.

ಸುರತ್ಕಲ್_ಸಂಶಯ

ಓದುವಾಗ ಬೇಜಾರಾಗುತ್ತದೆ ನಿಜ. ಆದರೂ ಕೇಳುತ್ತೇನೆ, ಸಿಟ್ಟು ಮಾಡಬೇಡಿ. ಐದು ಮನೆಯ ಬೈಲಿಗೆ ಎರಡೂವರೆ ಕಿಲೋಮೀಟರ್ ಫೈಬರ್ ಯಾಕೆ? ನನ್ನ ರೀಚಾರ್ಜಿನ 12 ರೂಪಾಯಿ ಅದಕ್ಕೆ ಹೋಗಬೇಕಾ? ಒಂದು ಒಳ್ಳೆಯ ಟವರ್ ಹಾಕಿದರೆ ಇಡೀ ಗ್ರಾಮಕ್ಕೆ ಆಯಿತು. ಇಲ್ಲವಾ, ಉಪಗ್ರಹದಿಂದ ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ 2025ರಲ್ಲಿ ಲೈಸೆನ್ಸ್ ಸಿಕ್ಕಿದೆ, ಆಕಾಶದಿಂದ ಬರುವಾಗ ಕಂಬವೂ ಬೇಡ ಮಂಗನ ಕಾಟವೂ ಇಲ್ಲ.

ಹಳೇ_ಎಕ್ಸ್‌ಚೇಂಜ್

ಸುರತ್ಕಲ್‌ನವರೇ, ಟವರಿಗೆ ಏನು ಗಾಳಿಯಿಂದ ಇಂಟರ್‌ನೆಟ್ ಬರುತ್ತದಾ? ಟವರಿನ ಬುಡಕ್ಕೂ ಫೈಬರ್ ಬೇಕು, ಇಲ್ಲದಿದ್ದರೆ ಟವರಿನಿಂದ ಟವರಿಗೆ ರೇಡಿಯೋ ಸಿಗ್ನಲ್ ಕಳಿಸುವ ಮೈಕ್ರೋವೇವ್ ಲಿಂಕ್, ಅದು ನಮ್ಮ ಮಳೆಗೆ ಆಗಾಗ ಕುಸಿಯುತ್ತದೆ. ಟವರಿಗೂ ಇದೇ ನಿಧಿಯಿಂದ ದುಡ್ಡು ಹೋಗಿದೆ. 2022ರ ಜುಲೈಯಲ್ಲಿ 26,316 ಕೋಟಿ ಇಟ್ಟು 24,680 ಹಳ್ಳಿಗಳಿಗೆ 4ಜಿ ಅಂತ ಮಾಡಿದರು. ನಮ್ಮ ಘಟ್ಟದ ಬದಿ ಗುಡ್ಡೆಗಳು ಅಡ್ಡ ಇರುವುದರಿಂದ ಒಂದು ಟವರ್ ಒಂದು ಬೈಲಿಗೆ ಕಾಣುತ್ತದೆ, ಪಕ್ಕದ ಬೈಲಿಗೆ ಕಾಣುವುದಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಆದರೆ ಜಾಗಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಅದಕ್ಕೆ ಬೇರೆ ಕಾಲ ಹಿಡಿಯುತ್ತದೆ. ಕೊರೋನಾ ಸಮಯದಲ್ಲಿ ಸುಳ್ಯದ ಮಕ್ಕಳು ಕೊಡೆ ಹಿಡಿದು ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳಿದ್ದು ಎಲ್ಲರೂ ನೋಡಿದ್ದೇವೆ.

ಹೆಬ್ರಿ_ಮಳೆ

@ಸುರತ್ಕಲ್_ಸಂಶಯ ಸಿಟ್ಟಿಲ್ಲ. ಆದರೆ ಇದೇ ಲೆಕ್ಕ ಹಾಕಿದ್ದರೆ ನಮ್ಮ ಬೈಲಿಗೆ ಕರೆಂಟೂ ಬರಬಾರದಿತ್ತು ಅಲ್ವಾ. ಅದಕ್ಕೂ ಐದೇ ಮನೆ, ಅದಕ್ಕೂ ಅಷ್ಟೇ ಕಂಬ. ಈಗ ಪಡಿತರಕ್ಕೆ ಬೆರಳು ಒತ್ತಬೇಕು, ಆರ್‌ಟಿಸಿ ಆನ್‌ಲೈನ್, ಅಡಿಕೆ ದುಡ್ಡು ಬ್ಯಾಂಕಿಗೆ ಬಂತಾ ನೋಡುವುದು ಆನ್‌ಲೈನ್. ಎಲ್ಲವನ್ನೂ ನೀವೇ ಆನ್‌ಲೈನ್ ಮಾಡಿ ಆಮೇಲೆ ಲೈನ್ ಮಾತ್ರ ಪೇಟೆಯವರಿಗೆ ಅಂದರೆ ಹೇಗೆ?

ಸುರತ್ಕಲ್_ಸಂಶಯ

ಕರೆಂಟಿನ ಮಾತು ಒಪ್ಪಿದೆ. ಆದರೆ ಕಂಬ ಈಗಾಗಲೇ ಇದೆಯಲ್ಲ ಹಾಗಾದರೆ? ಅದರಲ್ಲೇ ಎಳೆದರೆ ಮುಗಿಯಲಿಲ್ಲವಾ?

ಪುತ್ತೂರು_ಕೇಬಲ್

ಅದೇ ನಾನು ಹೇಳಬೇಕು ಅಂತ ಇದ್ದದ್ದು. ಕರೆಂಟ್ ಕಂಬದಲ್ಲಿ ಎಳೆಯಲಿಕ್ಕೆ ಅನುಮತಿ ಬೇಕು, ಕಂಬಕ್ಕೆ ಇಷ್ಟು ಅಂತ ವರ್ಷ ವರ್ಷ ಬಾಡಿಗೆ. ಪೇಟೆಯಲ್ಲಿ ಒಂದು ಕಂಬದಿಂದ ಹತ್ತಾರು ಗಿರಾಕಿ ಸಿಗುವಾಗ ಬಾಡಿಗೆ ಗೊತ್ತಾಗುವುದಿಲ್ಲ. ಬೈಲಿನಲ್ಲಿ ಹದಿನೈದು ಇಪ್ಪತ್ತು ಕಂಬ ದಾಟಿದರೆ ಒಬ್ಬ ಗಿರಾಕಿ. ಸರಕಾರ ದೊಡ್ಡ ದೊಡ್ಡ ಟೆಂಡರ್ ಎಲ್ಲ ಬದಿಗಿಟ್ಟು, ದೂರದ ಮನೆಗೆ ಹೋಗುವ ಕಂಬಗಳ ಬಾಡಿಗೆ ಮನ್ನಾ ಮಾಡಿದರೂ ಸಾಕು, ನನ್ನ ಹಾಗಿನ ಅರ್ಧ ಜನ ಸಬ್ಸಿಡಿ ಕೇಳದೆ ಎಳೆದು ಕೊಡುತ್ತಾರೆ.

ಮಂಜೇಶ್ವರ_ಕಡಲು

ಗಡಿ ದಾಟಿದರೆ ನಮ್ಮ ಕೇರಳದಲ್ಲಿ ಅದನ್ನೇ ಮಾಡಿದ್ದು. ಕೆ-ಫೋನ್ ಅಂತ. ರಾಜ್ಯ ಸರಕಾರ ತಮ್ಮದೇ ವಿದ್ಯುತ್ ಮಂಡಳಿಯ ಲೈನ್, ಕಂಬಗಳ ಮೇಲೆಯೇ ಫೈಬರ್ ಎಳೆಯಿತು. 2023ರ ಜೂನ್ 5ಕ್ಕೆ ಉದ್ಘಾಟನೆ. 30,000 ಸರಕಾರಿ ಕಚೇರಿ, ಶಾಲೆಗಳಿಗೆ, ಮತ್ತೆ 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಅಂತ ಗುರಿ ಇಟ್ಟರು. ಮೊದಲ ಸುತ್ತಿನಲ್ಲಿ ಒಂದೊಂದು ವಿಧಾನಸಭಾ ಕ್ಷೇತ್ರಕ್ಕೆ 100 ಮನೆ, ಒಟ್ಟು 14,000. ಗುರಿ 20 ಲಕ್ಷ, ಶುರು 14,000ದಿಂದ, ಅಲ್ಲೂ ಮನೆ ಮುಟ್ಟಿಸುವಾಗಲೇ ನಿಧಾನ ಆದದ್ದು. ಆದರೆ ಒಂದು ಒಳ್ಳೆಯದು, ಊರಿನ ಕೇಬಲ್ ಆಪರೇಟರ್‌ಗಳನ್ನೇ ಹಿಡಿದು ಮನೆಗಳಿಗೆ ಕೊಡಿಸುತ್ತಿದ್ದಾರೆ. ಕರ್ನಾಟಕದಲ್ಲಿ ವಿದ್ಯುತ್ ಕಂಪನಿ ಯಾರದ್ದು? ಸರಕಾರದ್ದೇ ಅಲ್ವಾ. ಮನಸ್ಸು ಮಾಡಿದರೆ ಕಷ್ಟ ಏನಿಲ್ಲ.

ಡಲ್ಲಾಸ್_ಉಡುಪಿ

ಅಮೆರಿಕದಲ್ಲಿ ಎಲ್ಲ ಸರಿ ಇದೆ ಅಂತ ಯಾರಾದರೂ ಅಂದುಕೊಂಡಿದ್ದರೆ, ಇಲ್ಲ. 2021ರ ಕಾನೂನಿನಲ್ಲಿ ಬೀಡ್ ಅಂತ ಒಂದು ಯೋಜನೆಗೆ 42.45 ಬಿಲಿಯನ್ ಡಾಲರ್ ಇಟ್ಟರು, ಇಂಟರ್‌ನೆಟ್ ಇಲ್ಲದ ಮನೆಗಳಿಗೆ ಲೈನ್ ಎಳೆಯಲಿಕ್ಕೆ. ಮೊದಲು ಯಾವ ಮನೆಗೆ ಇಲ್ಲ ಅಂತ ಮ್ಯಾಪ್ ಮಾಡಿದರು, ಆಮೇಲೆ ರಾಜ್ಯಗಳ ಪ್ಲಾನ್, ಆಮೇಲೆ 2025ರಲ್ಲಿ ಹೊಸ ಸರಕಾರ ಬಂದು ಫೈಬರೇ ಆಗಬೇಕು ಅಂತ ಇಲ್ಲ, ಉಪಗ್ರಹವೂ ಆಗುತ್ತದೆ ಅಂತ ನಿಯಮವನ್ನೇ ಬದಲಿಸಿತು. ರಾಜ್ಯಗಳು ಪುನಃ ಮೊದಲಿನಿಂದ ಟೆಂಡರ್.

ಅದೇ ಕಾಲದಲ್ಲಿ ಇನ್ನೊಂದು ಯೋಜನೆ ಇತ್ತು. ಬಡ ಮನೆಗಳಿಗೆ ತಿಂಗಳ ಬಿಲ್ಲಿನಲ್ಲಿ 30 ಡಾಲರ್ ಸರಕಾರ ಕಟ್ಟುವುದು. 2.3 ಕೋಟಿ ಕುಟುಂಬ ಸೇರಿತ್ತು. 2024ರಲ್ಲಿ ದುಡ್ಡು ಖಾಲಿ, ಯೋಜನೆ ಬಂದ್. ಲೈನ್ ಇದ್ದ ಮನೆಯಲ್ಲೂ ಕೆಲವರು ಕನೆಕ್ಷನ್ ತೆಗೆಸಿದರು.

ಆದರೆ ಆ ಮ್ಯಾಪ್ ಮಾತ್ರ ಬಹಳ ಒಳ್ಳೆಯ ಕೆಲಸ. ಅಲ್ಲಿ ಊರಿನ ಲೆಕ್ಕ ಇಲ್ಲ, ಒಂದೊಂದು ಮನೆಯದ್ದೇ ಚುಕ್ಕಿ. ನಿಮ್ಮ ಮನೆಗೆ ಕನೆಕ್ಷನ್ ಇದೆ ಅಂತ ಕಂಪನಿ ಸುಳ್ಳು ತೋರಿಸಿದ್ದರೆ ನೀವೇ ಆಕ್ಷೇಪ ಹಾಕಬಹುದು. ನಮ್ಮಲ್ಲಿ ಪಂಚಾಯತ್ ಆಫೀಸಿಗೆ ಬಂದ ಕೂಡಲೇ ಇಡೀ ಗ್ರಾಮಕ್ಕೆ ಬಂತು ಅಂತ ಬರೆದುಕೊಳ್ಳುವುದು ನಿಲ್ಲಬೇಕಾದರೆ ಅಂಥದ್ದೊಂದು ಬೇಕು.

ವಾರ್ಡ್_ಮೆಂಬರ್_ಕಾರ್ಕಳ

ನಾನು ಗ್ರಾಮ ಪಂಚಾಯತ್ ಸದಸ್ಯ. ಎಲ್ಲರೂ ದೆಹಲಿ, ಅಮೆರಿಕ ಅಂತ ಹೋದಿರಿ, ಇವರು ಕೇಳಿದ್ದು ಯಾರ ಹತ್ತಿರ ಕೇಳಬೇಕು ಅಂತ.

ಮೇಡಂ, ಹೊಸ ಯೋಜನೆಯಲ್ಲಿ ಪಂಚಾಯತ್ ಕೇಂದ್ರ ಬಿಟ್ಟು ಉಳಿದ 3.8 ಲಕ್ಷ ಹಳ್ಳಿಗಳಿಗೆ ಫೈಬರ್ ಕೊಡುವುದು "ಬೇಡಿಕೆ ಇದ್ದರೆ" ಅಂತ ಬರೆದಿದ್ದಾರೆ. ಬೇಡಿಕೆ ಉಂಟು ಅಂತ ಕಾಗದದಲ್ಲಿ ಇಲ್ಲದಿದ್ದರೆ ಇಲ್ಲ ಅಂತಲೇ ಲೆಕ್ಕ. ಗ್ರಾಮಸಭೆಯಲ್ಲಿ ನೀವು ಬಾಯಲ್ಲಿ ಕೇಳಿದಿರಿ, ಅವರು ಬಾಯಲ್ಲಿ ಉತ್ತರ ಕೊಟ್ಟರು, ಅಲ್ಲಿಗೆ ಮುಗಿಯಿತು. ಮುಂದಿನ ಸಲ ಅರ್ಜಿ ಬರೆದು ತನ್ನಿ, ನಡಾವಳಿ ಪುಸ್ತಕದಲ್ಲಿ ನಿರ್ಣಯ ಅಂತ ಬರೆಸಿ, ಪಿಡಿಒ ಸಹಿ ಇರುವ ಪ್ರತಿ ಕೇಳಿ ತೆಗೆದುಕೊಳ್ಳಿ. ನಿಮ್ಮ ಬೈಲು ಒಂದೇ ಹಾಕಬೇಡಿ. ಪಕ್ಕದ ಬೈಲು, ಅಂಗನವಾಡಿ, ಶಾಲೆ, ಹಾಲಿನ ಡಿಪೋ, ಆ ದಾರಿಯಲ್ಲಿ ಏನೆಲ್ಲ ಬರುತ್ತದೋ ಎಲ್ಲ ಸೇರಿಸಿ. ಐದು ಮನೆ ಅಂದರೆ ಯಾರೂ ನೋಡುವುದಿಲ್ಲ, ಒಂದು ಶಾಲೆ ಮತ್ತು ನಲವತ್ತು ಮನೆಯ ದಾರಿ ಅಂದರೆ ನೋಡುತ್ತಾರೆ.

ಆ ಪ್ರತಿ ಬಿಎಸ್‌ಎನ್‌ಎಲ್ ಜಿಲ್ಲಾ ಕಚೇರಿಗೆ ಒಂದು, ಸಂಸದರ ಕಚೇರಿಗೆ ಒಂದು. ಸಂಸದರು ಅಧ್ಯಕ್ಷರಾಗಿರುವ ದಿಶಾ ಸಮಿತಿ ಅಂತ ಪ್ರತಿ ಜಿಲ್ಲೆಯಲ್ಲಿ ಉಂಟು, ಕೇಂದ್ರದ ಯೋಜನೆಗಳನ್ನು ಅಲ್ಲಿ ವಿಚಾರಿಸುತ್ತಾರೆ. ಆ ಸಭೆಗೆ ಮುಂಚೆ ಕಾಗದ ತಲುಪಬೇಕು, ಸಭೆ ಆದ ಮೇಲೆ ಕೊಟ್ಟರೆ ಮುಂದಿನ ಸಭೆ ತನಕ ಕಾಯುವುದೇ. ಇನ್ನೂ ಉತ್ತರ ಬರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. "ನಮ್ಮ ಪಂಚಾಯತಿನ ಫೈಬರ್ ಕಳೆದ ವರ್ಷ ಎಷ್ಟು ದಿನ ಚಾಲೂ ಇತ್ತು, ಎಷ್ಟು ದಿನ ಬಂದ್ ಇತ್ತು" ಅಂತ ಒಂದೇ ಪ್ರಶ್ನೆ ಕೇಳಿ. 30 ದಿನದಲ್ಲಿ ಉತ್ತರ ಕೊಡಲೇಬೇಕು. ಉದ್ದ ಉದ್ದ ಕೇಳಿದರೆ ಉತ್ತರವೂ ಸುತ್ತಿ ಬಳಸಿ ಬರುತ್ತದೆ.

ಪಂಚಾಯತಿನಿಂದಲೇ ದುಡ್ಡು ಹಾಕಿ ಅಂತ ಕೆಲವರು ಹೇಳುತ್ತಾರೆ. ಹಣಕಾಸು ಆಯೋಗದ ಅನುದಾನದಲ್ಲಿ ದೊಡ್ಡ ಪಾಲು ನೀರು, ನೈರ್ಮಲ್ಯಕ್ಕೆ ಅಂತಲೇ ಕಟ್ಟಿ ಬರುತ್ತದೆ. ಉಳಿದದ್ದರಲ್ಲಿ ದಾರಿದೀಪ, ಮೋರಿ, ಕಾಲುಸಂಕ. ಕಾಲುಸಂಕ ಕೇಳುವವರ ಎದುರು ಇಂಟರ್‌ನೆಟ್ ಕಂಬ ಅಂತ ನಾನು ಹೇಳಿದರೆ ಮುಂದಿನ ಎಲೆಕ್ಷನ್ ಮರೆಯಬೇಕು.

ಹಳೇ_ಎಕ್ಸ್‌ಚೇಂಜ್

ಮೆಂಬರ್ ಹೇಳಿದ ಆ ಒಂದೇ ಪ್ರಶ್ನೆ ಲಕ್ಷ ರೂಪಾಯಿಯದ್ದು. ಎಷ್ಟು ಕಿಲೋಮೀಟರ್ ಎಳೆದರು ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ದಿನ ನಡೆಯಿತು ಅಂತ ಕೇಳಿದರೆ ಮಾತ್ರ ನಿರ್ವಹಣೆಯ ದುಡ್ಡು ಕೆಲಸಕ್ಕೆ ಬರುವುದು.

ಹೆಬ್ರಿ_ಮಳೆ

ಮೆಂಬರ್ ಅಣ್ಣ, ಅಂಕಲ್, ಎಲ್ಲರಿಗೂ ಥ್ಯಾಂಕ್ಸ್. ನಮ್ಮ ದಾರಿಯಲ್ಲಿ ಶಾಲೆ ಉಂಟು, ಅಂಗನವಾಡಿ ಉಂಟು. ಮನೆಗಳ ಪಟ್ಟಿ ನಾನೇ ಮಾಡುತ್ತೇನೆ. ಎಕ್ಸೆಲ್ ಕೆಲಸ ಆದ ಕಾರಣ ಅದೊಂದು ಕಷ್ಟ ಇಲ್ಲ.

ಕೇಬಲ್ ಅಣ್ಣ, ಒಂದು ಮಾತು ಕೇಳುವುದು ಬಿಟ್ಟುಹೋಯಿತು. ರಸ್ತೆ ಬದಿ ಕಂಬದ ತನಕ ಬಂದರೆ, ಅಲ್ಲಿಂದ ನಮ್ಮ ತೋಟದ ಅಡಿಕೆ ಮರಕ್ಕೆ ಕಟ್ಟಿ ತರಬಹುದಾ? ಕಂಬದ ಖರ್ಚು ಉಳಿಯುತ್ತದಲ್ಲ.

ಪುತ್ತೂರು_ಕೇಬಲ್

ಅಡಿಕೆ ಮರ ಬೇಡ ಅಕ್ಕ. ಗಾಳಿಗೆ ಎಷ್ಟು ಬಗ್ಗುತ್ತದೆ ಅಂತ ನಿಮಗೇ ಗೊತ್ತು, ಕೇಬಲ್ ಎಳೆದೂ ಎಳೆದೂ ಒಳಗೆ ಗಾಜು ಬಿರುಕು ಬಿಡುತ್ತದೆ. ಮತ್ತೆ ಮದ್ದು ಬಿಡುವವರು ಮರದಿಂದ ಮರಕ್ಕೆ ಹಾರುವಾಗ ಅವರ ಕಾಲಿಗೆ ಸಿಕ್ಕಿದರೆ ಅಪಾಯ. ತೋಟದ ಬದುವಿನಲ್ಲಿ ದಪ್ಪ ಮರ ಇದ್ದರೆ, ಹಲಸು, ಮಾವು, ಅದಕ್ಕೆ ಕಟ್ಟಬಹುದು, ಸ್ವಲ್ಪ ಸಡಿಲ ಬಿಟ್ಟು. ಇಲ್ಲದಿದ್ದರೆ ಹಳೇ ಜಿಐ ಪೈಪ್ ನೆಟ್ಟರೆ ಸಾಕು. ಇನ್ನೊಂದು, ಸಿಡಿಲು ಫೈಬರಿನಲ್ಲಿ ಬರುವುದಿಲ್ಲ, ಕರೆಂಟ್ ವೈರಿನಲ್ಲಿ ಬಂದು ಮೋಡೆಮ್ ಸುಡುವುದು. ಗುಡುಗು ಶುರುವಾದ ಕೂಡಲೇ ಪ್ಲಗ್ ತೆಗೆಯಲಿಕ್ಕೆ ಅಮ್ಮನಿಗೆ ಹೇಳಿಡಿ. ಪಟ್ಟಿ ಮಾಡುವಾಗ ಮನೆ ಹೆಸರಿನ ಎದುರು ಹತ್ತಿರದ ಕರೆಂಟ್ ಕಂಬದ ನಂಬರ್ ಬರೆಯಿರಿ, ಕಂಬದಲ್ಲಿ ಪೈಂಟ್ ಮಾಡಿರುತ್ತಾರೆ. ಅದು ಇದ್ದರೆ ಯಾರೇ ಬಂದರೂ ಸರ್ವೆ ಒಂದೇ ದಿನದಲ್ಲಿ ಮುಗಿಯುತ್ತದೆ.